ಅಡಿಮೇಲು

ಮೇಜನ್ನು ಮೊದಲು ಬೋರಲು ಹಾಕಬೇಕು.
ಮೇಲ್ಮೈ ಸುಳ್ಳು ಹೇಳುತ್ತೆ, ಅನ್ನುತ್ತಿದ್ದ ನಮ್ಮಪ್ಪ,
ಚಂದ್ರಸ ಹೊಡೆದರೆ ಬೇವೂ ತೇಗವಾಗುತ್ತೆ.

ಮುಚ್ಚಿದ ಕಾಟನ್ ಮಿಲ್ಲಿನ ಹರಾಜಿನಲ್ಲಿ ಬಂದದ್ದು ಇದು,
ಟೈಂಕೀಪರನ ಮೇಜು. ಎತ್ತಲು ನಾಲ್ಕು ಜನ.
ಒಂದು ಕಾಲಿಗೆ ಗೆದ್ದಲು, ಮೂರು ಕಾಲಿಗೆ ಗರ್ವ.
ಮಗುಚಿದರೆ ಹೊಟ್ಟೆಯ ತುಂಬ ಪೆನ್ಸಿಲಿನ ಬರಹ.
ಹಿಂದಿಯ ಹಾಗಿದೆ, ತಲೆಗೆರೆಯಿಲ್ಲ,
ತಂತಿ ಕಿತ್ತುಕೊಂಡು ಹೋದ ಮೇಲೂ
ನೇತಾಡುತ್ತಲೇ ಇರುವ ಬಟ್ಟೆಗಳ ಹಾಗೆ.

ಪಾಲಿಶಿನ ಹಾಲೇಶ ಕೈ ಹಿಂದೆಳೆದ:
‘ಮಾಟ ಇದ್ದರೂ ಇರಬಹುದು ಅಕ್ಕಾ.’

ಫೋಟೋ ಹಿಡಿದು ಚೌಕಿಪೇಟೆಗೆ ಹೋದೆ.
ಜವಳಿ ಅಂಗಡಿಯ ಜಸೂಬೆನ್
ಕನ್ನಡಕ ಏರಿಸಿ, ಓದಿ, ನಕ್ಕೇ ನಕ್ಕರು:
‘ಬೀಡಿ ಒಂದು ಕಟ್ಟು. ಬೆಲ್ಲ ಅರ್ಧ ಸೇರು.
ಮಮರಾ ಎರಡಾಣೆ.
ದರ್ಜಿ ದಾದಾಪೀರನಿಗೆ ಒಂದು ರೂಪಾಯಿ ಕೊಡಬೇಕು,
ಅಂಗಿ ಸರಿಯಿಲ್ಲ, ಕೊಡುವುದಿಲ್ಲ.
ವಾಲ್ಜಿ ಮಿಸ್ತ್ರಿ, ಊರು ಮಾಂಡವಿ.’

ಕಾಗದ ದುಬಾರಿಯಿತ್ತೋ,
ಕಾಗದವನ್ನೇ ನಂಬುತ್ತಿರಲಿಲ್ಲವೋ.

ಆಮೇಲೆ ಊರೆಲ್ಲ ಮಗುಚುತ್ತ ಹೋದೆ:
ಟೈಪಿಂಗ್ ಕ್ಲಾಸಿನ ಸ್ಟೂಲು,
ಕ್ಷೌರದಂಗಡಿಯ ಕುರ್ಚಿ
(ಅರ್ಧ ಗಡ್ಡದ ಗಿರಾಕಿ ಎದ್ದು ನಿಂತು ಬೈದ),
ಹಳೇ ದವಾಖಾನೆಯ ಔಷಧಿ ಬೀರು.
ಎಲ್ಲೆಲ್ಲೂ ಅದೇ ಹಕ್ಕಿಬಾಲದ ಕೀಲು,
ಎಲ್ಲೆಲ್ಲೂ ಸಾಲ.

ಬೀರುವಿನ ಕೊನೆಯ ಖಾನೆಯಡಿ
ಅದೇ ಕೈ, ಈಗ ನಡುಗುತ್ತಿದೆ.
ಜಸೂಬೆನ್ ಓದಿದರು. ನಿಂತರು. ಮತ್ತೆ ಓದಿದರು.
‘ಅಕ್ಷರ ನಮ್ಮದೇ ಕಣಮ್ಮಾ, ಮಾತು ನಿಮ್ಮದು:
ಮಂಡಕ್ಕಿ. ಮೆಣಸಿನಕಾಯಿ. ಖಾರ ಕಮ್ಮಿ.’

ಯಾವ ದಿನ ಮಮರಾ ಮಂಡಕ್ಕಿಯಾಯಿತು,
ಯಾವ ಮಂಚ ಮಾಡುವಾಗ, ಯಾರ ಬಾಗಿಲಲ್ಲಿ,
ತಿಳಿಯುವ ದಾರಿಯಿಲ್ಲ.
ನಡುವಿನ ಸಾಮಾನೆಲ್ಲ
ಯಾರದೋ ಒಲೆಗೆ ಸೌದೆಯಾಗಿರಬೇಕು.

ಮೇಜು ಕೊಂಡವರು ಹೇಳಿದರು:
ಅಡಿಯ ಗೀಚು ಅಳಿಸಿಬಿಡಿ, ನೀಟಾಗಿರಲಿ.
ಅಳಿಸಿದೆ ಎಂದೆ. ಅವರು ಬಗ್ಗಿ ನೋಡುವವರಲ್ಲ.

ಗೆದ್ದಲು ತಿಂದ ಕಾಲಿಗೆ ಬೇವಿನದೇ ಕೂಡಿಸಿದ್ದೇನೆ,
ಬಿಲ್ಲಿನಲ್ಲೂ ಬೇವು ಎಂದೇ ಬರೆದಿದ್ದೇನೆ.
ಮೇಜು ಎತ್ತುವ ಮೊದಲು,
ದಾದಾಪೀರನ ಆ ರೂಪಾಯಿಯ ಕೆಳಗೆ,
ಕಿವಿಯ ಸಂದಿಯ ಪೆನ್ಸಿಲು ತೆಗೆದು:

ಹಾಲೇಶನಿಗೆ ಮುನ್ನೂರು ಬಾಕಿ.
ಶನಿವಾರ ಕೊಡಬೇಕು.