ಅಸ್ತರು

ರಾಯದುರ್ಗದ ಶೆಡ್ಡಿನಲ್ಲಿ ದಿನಕ್ಕೆ ನೂರು ಜೀನ್ಸ್ ಕಾಲು.
ಸೊಂಟಕ್ಕೆ ಒಂದೇ ಗುಳಿಗೆ.
ನೀಲಿ ಹತ್ತಿದ ಬೆರಳಲ್ಲೇ ಕತ್ತರಿ ಹಿಡಿದು
ಅರ್ಧ ನನಗೆ, ಅರ್ಧ ಪಕ್ಕದ ಮಿಷನ್ನಿನ ಮಾಬುನ್ನಿಗೆ.

ಔಷಧಿ ಅಂಗಡಿಯ ಹುಡುಗ ತೆಲುಗಿನಲ್ಲಿ ಬೈದ:
ಕೊಯ್ಯಬಾರದಮ್ಮಾ, ಅದಕ್ಕೂ ಅಸ್ತರು ಐತೆ.
ಮೇಲಿನ ಪದರ ಮೊದಲು ಬಿಚ್ಚಿಕೊಂಡು
ಹುಳಿಯ ಬಾಯಿ ಕಟ್ಟುತ್ತಂತೆ.
ಒಳಗಿನದು ಗುಂಡಿ ಬಿಚ್ಚದೆ ಹೊಟ್ಟೆ ದಾಟಿ
ಸಣ್ಣ ಕರುಳಿನಲ್ಲಿ ಕರಗಿ, ರಕ್ತದ ಗಾಡಿ ಹತ್ತಿ
ಸೊಂಟದ ಊರು ಹುಡುಕುತ್ತಂತೆ.

ಅಸ್ತರಿನ ವಿಷಯ ನನಗೆ ಹೇಳುತ್ತಾನೆ,
ಇಪ್ಪತ್ತು ವರ್ಷ ಜೇಬು ಹೊಲಿದವಳಿಗೆ!

ಆಮೇಲೆ, ದಾರಿಯಲ್ಲಿ, ಮಾಬುನ್ನಿ ನೆನಪಾದಳು:
ತಿಂಗಳಿಂದ ಎದೆ ಉರಿ ಅಂತ ಮಜ್ಜಿಗೆ ಕುಡಿಯುತ್ತ
ಮೆಣಸಿನಕಾಯಿ ಬಜ್ಜಿಗೆ ಶಾಪ ಹಾಕುತ್ತಿದ್ದಾಳೆ.

ಇವತ್ತು ಕತ್ತರಿ ತೆಗೆಯಲಿಲ್ಲ.
ನೋವಿನ ಹೊತ್ತಿಗೆ ಸರಿಯಾಗಿ
ಅವಳ ಅಂಗೈ ಬಂತು.