ಎರಡು ಚೀಟಿ

ಮೊದಲನೆಯದರಲ್ಲಿ ಆರು ಅಂಕಿ.
ಟೀಚರಮ್ಮ ಬರೆದುಕೊಟ್ಟದ್ದು, ಅಂಗಡಿಯ ಗಾಜಿನ ಮೇಲಿಟ್ಟು:
"ಸ್ಕ್ರೀನ್ ಹಾಕಿದ ಮೇಲೆ ತೆರೆದು ನೋಡಿ, ಸರಿಯಿದೆಯಾ ಅಂತ."
ಗೋಣಿಕೊಪ್ಪದ ಭಾನುವಾರ, ಸಂತೆಯ ಒಣಮೀನಿನ ವಾಸನೆ,
ಬಸ್ಸಿಗೆ ಹೊತ್ತಾಯಿತೆಂದು ಹೊರಟೇಬಿಟ್ಟರು.

ರಾತ್ರಿ, ಶಟರು ಅರ್ಧ ಇಳಿಸಿ
ಅಂಟು ಒಣಗುವವರೆಗೆ ಕಾದೆ.
ಅಂಕಿ ಒತ್ತಿದೆ. ಟಚ್ ಸರಿಯಿತ್ತು, ಬಣ್ಣ ಸರಿಯಿತ್ತು.
ಕೆಲಸ ಮುಗಿದಿತ್ತು.
ಹೆಬ್ಬೆರಳು ಮಾತ್ರ ಹೋಗಿ
ಫೋಟೋಗಳ ಬಾಗಿಲಲ್ಲಿ ನಿಂತಿತು.

ಆಸೆ ಅನ್ನಬೇಡಿ.
ಆಸೆ ಸತ್ತು ನಾಲ್ಕು ವರ್ಷ.
ನನ್ನ ಫೋನಿನಲ್ಲಿ ಎರಡು ಗಂಟೆ, ಮೂರು, ನಾಲ್ಕೂವರೆ,
ಒಂದು ಮುಗಿಯುವ ಮೊದಲೇ ಇನ್ನೊಂದನ್ನು ಹುಡುಕುತ್ತ
ನಾನು ಏನನ್ನೂ ನೋಡುತ್ತಿರಲಿಲ್ಲ.
ಕೆರೆದಷ್ಟೂ ಕೆರೆಸಿಕೊಳ್ಳುವ ಕಜ್ಜಿಗೆ ಸುಖ ಅನ್ನುತ್ತಾರೆಯೆ?
ಹೂಮಳೆ ಬಿದ್ದು, ತೋಟವೆಲ್ಲ ಬೆಳ್ಳಗಾಗಿ, ಮತ್ತೆ ಕಂದಿದ್ದು
ಬೊಳ್ಳವ್ವ ಹೇಳಿದ ಮೇಲೆ ಗೊತ್ತಾಯಿತು.
ಅವಳ ಮುಖ ನೋಡುವುದನ್ನು ಯಾವಾಗ ಬಿಟ್ಟೆನೋ,
ಅದನ್ನು ಅವಳು ಹೇಳಲಿಲ್ಲ.

ತೆರೆದೆ.
ಮೊದಲ ಚಿತ್ರ, ಪಡಿತರ ಚೀಟಿ.
ಆಮೇಲೆ ಕರೆಂಟು ಬಿಲ್ಲು.
ಆಮೇಲೆ ಯಾರದೋ ಮೊಣಕಾಲಿನ ಎಕ್ಸ್‌ರೇ,
ಕಿಟಕಿಯ ಬೆಳಕಿಗೆ ಹಿಡಿದು ತೆಗೆದದ್ದು,
ಅಂಚಿನಲ್ಲಿ ಅವರ ಬೆರಳು.
ಆ ಬೆರಳು ಕಂಡು ಫೋನು ಆರಿಸಿದೆ.
ಮೊದಲನೆಯದೇ ಬೇರೆ ಏನಾದರೂ ಆಗಿದ್ದರೆ
ನಿಲ್ಲುತ್ತಿದ್ದೆನೆ?
ಈ ಪ್ರಶ್ನೆಯನ್ನು ಹೊತ್ತು ಮಡಿಕೇರಿಯ ಬಸ್ಸು ಹತ್ತಿದೆ.

ಎರಡನೆಯ ಚೀಟಿ ಆಸ್ಪತ್ರೆಯದು.
"ಉತ್ತಯ್ಯ. ವಯಸ್ಸು ಮೂವತ್ತೊಂಬತ್ತು. ಏನು ತೊಂದರೆ?"
ಕಿಂಡಿಯೊಳಗಿನವನ ಗಂಟಲು ದೊಡ್ಡದು,
ನನ್ನ ಬೆನ್ನಿಗೆ ಮೂರ್ನಾಡಿನ ಗುರುತಿನವರು.
"ನಿದ್ದೆ," ಅಂದೆ. ಪೂರ್ತಿ ಸುಳ್ಳೇನೂ ಅಲ್ಲ.

ಕುಡಿತಕ್ಕಾದರೆ ನಮ್ಮಲ್ಲಿ ನೂರು ಮಾತಿದೆ.
ಬಿಟ್ಟೆ ಅಂದವನ ಬೆನ್ನು ತಟ್ಟುತ್ತಾರೆ,
ಬಿಡದವನಿಗೂ ಮದುವೆಮನೆಯಲ್ಲೊಂದು ಕುರ್ಚಿ.
ಇದಕ್ಕೆ ತಕ್ಕ ಮಾತು ಕನ್ನಡದಲ್ಲಿ ನನ್ನ ಬಳಿ ಇರಲಿಲ್ಲ,
ಕೊಡವ ತಕ್ಕಿನಲ್ಲೂ ಇರಲಿಲ್ಲ.
ಇದ್ದದ್ದು ಬೈಗುಳ ಮಾತ್ರ.

ಸ್ವೆಟರು ಹಾಕಿದ ಡಾಕ್ಟರಮ್ಮ, ನನಗಿಂತ ಹಿರಿಯರು.
ಎಲ್ಲವನ್ನೂ ಅವರ ಮೇಜಿನ ಕಾಲಿಗೆ ಹೇಳಿದೆ.
ಮುಖ ಸಿಂಡರಿಸಲಿಲ್ಲ, ಅಯ್ಯೋ ಪಾಪ ಅನ್ನಲೂ ಇಲ್ಲ.
"ಫೋನು ಕೈಗೆ ತಗೊಳ್ಳೋ ಹಿಂದಿನ ನಿಮಿಷ, ಆಗ ಏನಾಗ್ತಿರುತ್ತೆ?"

ಆ ನಿಮಿಷದಲ್ಲಿ ಯಾರಾದರೂ ಇರಬಹುದೆಂದು ನನಗೆ ಹೊಳೆದಿರಲಿಲ್ಲ.
ಬಹಳ ಹೊತ್ತು ಹುಡುಕಿದೆ.
ಒಬ್ಬ ಕೂತಿದ್ದ ಅಲ್ಲಿ,
ಅಂಗಡಿಯ ಲೆಕ್ಕ ಕೂಡದೆ,
ಮನೆಗೆ ಹೋಗಲು ಮುಖವಿಲ್ಲದೆ.
"ಮುಂದಿನ ಗುರುವಾರ ಅವನನ್ನೂ ಕರ್ಕೊಂಡು ಬನ್ನಿ," ಅಂದರು.

ಹತ್ತು ಗುರುವಾರ ಆದವು.
ಏಳನೆಯದರ ಹಿಂದಿನ ರಾತ್ರಿ ಮತ್ತೆ ಜಾರಿದೆ.
ಅದನ್ನೂ ಹೇಳಿದೆ. ಬೊಳ್ಳವ್ವನಿಗೂ ಹೇಳಿದೆ.
ಅವಳು ಈಗಲೂ ಒಳಕೋಣೆಯಲ್ಲೇ ಮಲಗುತ್ತಾಳೆ.
ಕೆಲವು ರಾತ್ರಿ ಚಿಲಕದ ಸದ್ದು ಕೇಳುತ್ತದೆ,
ಕೆಲವು ರಾತ್ರಿ ಕೇಳುವುದಿಲ್ಲ.

ಟೀಚರಮ್ಮನಿಗೆ ಫೋನು ಕೊಡುವಾಗ ಬಾಯಿ ಒಣಗಿತ್ತು.
"ಮೂರು ಫೋಟೋ ನೋಡಿದೆ. ನೋಡಬಾರದಿತ್ತು."
ಅವರು ದುಡ್ಡು ಎಣಿಸಿಟ್ಟರು.
ಅಲ್ಲೇ ನಿಂತು, ಪರದೆಯನ್ನು ಎದೆಗೆ ಆನಿಸಿಕೊಂಡು,
ಆರು ಅಂಕಿ ಬದಲಾಯಿಸಿದರು.
ಆಮೇಲೆ ಬರಲಿಲ್ಲ.

ಅಂಗಡಿಯಲ್ಲೀಗ ಒಂದು ಸ್ಟೂಲಿದೆ.
ಯಾರೇ ಚೀಟಿ ಚಾಚಿದರೂ ಹಿಂದಕ್ಕೆ ತಳ್ಳುತ್ತೇನೆ.
"ಕೂತ್ಕೊಳ್ಳಿ," ಅನ್ನುತ್ತೇನೆ,
"ನೀವು ನೋಡ್ತಿರುವಾಗಲೇ ಮಾಡಿಕೊಡ್ತೇನೆ."