ಏಳು ಪ್ರತಿ

ಹೀಯುಮಾ ದ್ವೀಪದ ಲೈಬ್ರರಿ. ಗುರುವಾರ, ಸಂಜೆ ಆರು.
ಹೊರಗೆ ನಾಲ್ಕಕ್ಕೇ ಕತ್ತಲು ಬಿದ್ದಿದೆ.
ಮಕ್ಕಳ ಕೋಣೆಯ ಗಿಡ್ಡ ಕುರ್ಚಿಗಳಲ್ಲಿ
ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು
ಆರು ಜನ ಕೂತಿದ್ದಾರೆ;
ಎಲ್ಲರ ವಯಸ್ಸು ಕೂಡಿದರೆ ನಾನೂರರ ಮೇಲೆ.

ಈ ಚಳಿಗಾಲ ದೊಡ್ಡವರ ಪುಸ್ತಕ ಬೇಡ,
ಚಿಕ್ಕಂದಿನಲ್ಲಿ ಓದಿದ್ದೊಂದನ್ನು ಹುಡುಕಿ ತನ್ನಿ,
ಮೂರನ್ನು ಆರಿಸಿ ಕೂಡಿ ಓದೋಣ
ಎಂದು ನೋಟಿಸು ಬರೆದವಳು ನಾನೇ.
ಜಗಳವಾದೀತೆಂದು ಬರೆದಿರಲಿಲ್ಲ.

ನಲವತ್ತು ವರ್ಷ ಸೂಜಿ ಚುಚ್ಚಿದ ದಾದಿ ಮೈಮು
ಅನಾಥ ಹುಡುಗಿಯರ ಕಥೆ ಬೇಡವೇ ಬೇಡ ಅಂದಳು:
"ಮೊದಲ ಅಧ್ಯಾಯದಲ್ಲೇ ಅಪ್ಪ ಅಮ್ಮನನ್ನು ಸಾಯಿಸುತ್ತಾರೆ,
ಹುಡುಗಿಗೆ ಊರು ಸುತ್ತಲು ಪುರಸೊತ್ತಾಗಲಿ ಅಂತ!"
ಕಾರಿನ್, ಎಂಡೆಲ್, ಗಂಡ ಹೆಂಡತಿ,
ಒಂದೇ ಪುಸ್ತಕದ ಎರಡು ಪ್ರತಿ ತಂದು
ಯಾರದು ಹೆಚ್ಚು ಹರಿದಿದೆ ಎಂದು ಹಟಕ್ಕೆ ಬಿದ್ದರು.
ಬಸ್ಸಿನ ತಾವಿ ತಂದದ್ದು
ಚಂದ್ರನಿಗೆ ಹೋದ ಸೌತೆಕಾಯಿಯ ಕಥೆ;
ನಡುವೆ ಎರಡು ಪುಟ ಬರೀ ಟ್ರ್ಯಾಕ್ಟರಿನ ಗುಣಗಾನ.
"ಅದನ್ನು ಹಾರಿಸಬೇಕು," ಎಂದ ಗಂಭೀರವಾಗಿ,
"ಆಗಲೂ ಹಾರಿಸಿಯೇ ಓದುತ್ತಿದ್ದೆವು."

ಹೆಲ್ಯೊಳ ಪುಸ್ತಕಕ್ಕೆ ಇನ್ನೂ ಹೊಗೆಮೀನಿನ ವಾಸನೆ.
ಚಿತ್ರಗಳಿಲ್ಲ. ಚಿತ್ರಗಳಿದ್ದಲ್ಲಿ
ಕತ್ತರಿಯಾಡಿದ ಚೌಕ ಕಿಟಕಿಗಳು.
"ತಂಗಿ," ಅಂದಳು. ಅಷ್ಟೇ ಅಂದಳು.
ಕಿಟಕಿಯೊಂದರಿಂದ ಮುಂದಿನ ಪುಟದ
ಒಂಟಿ ಮಾತು ಇಣುಕುತ್ತಿತ್ತು: ಓಡು.

ಕೊನೆಗೆ ಉಲೋ.
ದೀಪಸ್ತಂಭದಲ್ಲಿ ಮೂವತ್ತು ವರ್ಷ ಒಬ್ಬನೇ ಇದ್ದವನು,
ಮಾತು ಅಳೆದು ಸುರಿಯುವವನು.
ಕೋಟಿನೊಳಗಿಂದ ತೆಗೆದ ಪುಸ್ತಕ ಬೆಚ್ಚಗಿತ್ತು.
ಹೆಪ್ಪುಗಟ್ಟಿದ ಕಡಲ ಮೇಲೆ ಅಂಚೆ ಎಳೆಯುವ ಕಪ್ಪು ಕುದುರೆ.
ಮಂಜು ಕವಿದ ದಿನ ಹಿಮ ಬಿರಿಯುತ್ತದೆ,
ಅಂಚೆಯವನು ತೆವಳಿ ದಡ ಸೇರುತ್ತಾನೆ.
"ಮೂರು ದಿನವಾದ ಮೇಲೆ," ಉಲೋ ಹೇಳಿದ,
"ಜೂನಿಪರ್ ಪೊದೆಗಳ ಹಿಂದಿನಿಂದ
ಕುದುರೆ ತಾನೇ ನಡೆದು ಬರುತ್ತದೆ,
ಕುತ್ತಿಗೆಯ ಕೂದಲಲ್ಲಿ ಹಿಮದ ಹರಳು ಕಿಣಿಕಿಣಿ."

ಕೊನೆಯ ಹಾಳೆ ತೋರಿಸಿದ.
ಅದು ಮಾತ್ರ ದಪ್ಪ, ಲೆಕ್ಕದ ಪುಸ್ತಕದ್ದು,
ಹಿಟ್ಟಿನ ಅಂಟಿನಿಂದ ಅಂಟಿಸಿದ್ದು;
ಅಚ್ಚಿನ ಹಾಗೇ ಕಾಣಲೆಂದು
ಉಸಿರು ಬಿಗಿಹಿಡಿದು ಬರೆದ ದುಂಡು ಅಕ್ಷರ.
"ಹಾಳೆ ಹರಿದಿತ್ತಂತೆ. ಅಮ್ಮ ನಕಲು ಮಾಡಿಟ್ಟಳು."

ನಾನು ತಾವಿಯನ್ನು ನೋಡಿದೆ. ತಾವಿ ಬೂಟಿನ ಲೇಸನ್ನು.
ಎಂಟು ವರ್ಷದವಳಿದ್ದಾಗ ಆ ಕುದುರೆಗಾಗಿ
ಎರಡು ದಿನ ನಾನು ಅನ್ನ ಮುಟ್ಟಿರಲಿಲ್ಲ.
ಇಡೀ ಕೋಣೆ ಓದಿತ್ತು ಆ ಕಥೆಯನ್ನು,
ಇಡೀ ಕೋಣೆ ಅತ್ತಿತ್ತು ಒಂದು ಕಾಲಕ್ಕೆ.
"ಒಳ್ಳೇ ಮುಕ್ತಾಯ," ಅಂದಳು ಮೈಮು,
ಹೆಣದ ಮುಂದೆಯೂ ಸುಳ್ಳಾಡದವಳು.

ಲೋಟಗಳಿಗೆ ಬಟಾಣಿ ಹಾಕಿ ಆರಿಸಿದೆವು.
ಸೌತೆಕಾಯಿಗೆ ಐದು. ಕಿಟಕಿಗಳಿಗೂ ಐದು.
ಉಲೋನ ಲೋಟದಲ್ಲಿ ಏಳು ಕಾಳು,
ನನ್ನದೂ ಸೇರಿ.
ಹಾಕುವಾಗ ಕೈ ತಡೆಯಿತು, ನಿಜ;
ಹಾಕದಿದ್ದರೆ ಅವನು ಕೋಟಿನೊಳಗೆ
ಮತ್ತೆ ಒಬ್ಬನೇ ಅದನ್ನು ಹೊತ್ತು ಹೋಗುತ್ತಿದ್ದ.

ನಾಳೆ ದಡದ ಊರಿಗೆ ಕಾಗದ ಬರೆಯಬೇಕು:
ಆರು ಪ್ರತಿ ಕಳಿಸಿ.
ಮಾರ್ಚಿಯಲ್ಲಿ, ಕಡಲು ಬಿಡುವ ಹೊತ್ತಿಗೆ,
ನಮ್ಮ ಹತ್ತಿರ ಏಳು ಇರುತ್ತವೆ.
ಒಂದರಲ್ಲಿ ಮಾತ್ರ ಕುದುರೆ ಬದುಕಿದೆ.

ಎಲ್ಲರೂ ಹೋದರು. ಕುರ್ಚಿ ಮಡಿಸುವ ನೆಪದಲ್ಲಿ
ಹೆಲ್ಯೊ ಹಿಂದುಳಿದಳು.
"ಪುಸ್ತಕ ಬಂದ ಕೂಡಲೇ ಹೇಳು. ಹಾಳೆ ಬರೆಯಲು
ಮೈಮುವಿನ ಕೈ ಚೆನ್ನಾಗಿದೆ.
ತಂಗಿಯ ಕತ್ತರಿ ನನ್ನ ಹತ್ತಿರವೇ ಇದೆ."
ಲೈಬ್ರರಿ ಪುಸ್ತಕ ಕತ್ತರಿಸಿದರೆ ದಂಡ ಬೀಳುತ್ತೆ, ಅಂದೆ.
"ಎಷ್ಟು?" ಅಂದಳು,
ಆಗಲೇ ಹಾಕಿಕೊಂಡಿದ್ದ ಕೈಗವಸು ಬಿಚ್ಚುತ್ತಾ.